ಪೀಕೋ ದ್ವೀಪದಲ್ಲಿ ತಿಮಿಂಗಿಲದ ಲದ್ದಿ ಹಿಡಿದಿದ್ದು

ಅಟ್ಲಾಂಟಿಕ್ ಸಮುದ್ರದಲ್ಲಿರೋ ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲೊಂದಾದ ಪೀಕೋದಲ್ಲಿ ರಿಸರ್ಚ್ ಮಾಡ್ತಿರೋ ಗೆಳತಿ "ಬೋಟಲ್ಲಿ ಒಂದಾಳು ಕಮ್ಮಿ, ಬಾ" ಅಂದ್ಲು. ಕೆಲ್ಸ ಏನಪ್ಪಾ ಅಂದ್ರೆ ಉದ್ದ ಕೋಲಿನ ಬಲೆ ಹಿಡ್ಕೊಂಡು ಸ್ಪರ್ಮ್ ವೇಲ್ ಅನ್ನೋ ತಿಮಿಂಗಿಲದ ಲದ್ದಿ ಬಾಚೋದು, ಅದರ ಸ್ಟ್ರೆಸ್ ಎಷ್ಟಿದೆ ಅಂತ ಅಳೆಯೋಕೆ.

ನಮಗಾದ್ರೆ ರಕ್ತ ಕೊಟ್ರೆ ಸಾಕು ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಎಷ್ಟಿದೆ ಅಂತ ರಿಪೋರ್ಟ್ ಬರತ್ತೆ. ತಿಮಿಂಗಿಲನ ಹಿಡಿದು ಚುಚ್ಚೋಕಾಗತ್ತಾ, ಚುಚ್ಚಿದ್ರೂ ಆ ಗಲಾಟೆಗೇ ಹಾರ್ಮೋನ್ ಏರಿ ಕೂತಿರತ್ತೆ. ಲದ್ದಿಯಲ್ಲಿರೋದು ಹಿಂದಿನ ಲೆಕ್ಕ, ನಮ್ ಬೋಟ್ ಈಗ ಬಂದಿದ್ದು ಅದಕ್ಕಿನ್ನೂ ಸೇರಿರಲ್ಲ.

ಗುಡ್ಡದ ಮೇಲಿನ ವಿಜಿಯಾದಿಂದ ರೇಡಿಯೋ ಬಂತು. ತಿಮಿಂಗಿಲ ಬೇಟೆಯವರಿಗೆ ದಿಕ್ಕು ಹೇಳೋಕೆ ಕಟ್ಟಿದ್ದ ಕಾವಲು ಗೂಡು ಅದು, 1980ರ ದಶಕದಲ್ಲಿ ಬೇಟೆ ನಿಂತ್ಮೇಲೆ ಟೂರಿಸ್ಟ್ ಬೋಟುಗಳಿಗೆ ದಾರಿ ಹೇಳತ್ತೆ. ಹೈಡ್ರೋಫೋನ್ ಅಂದ್ರೆ ನೀರೊಳಗಿನ ಮೈಕ್ ಇಳಿಬಿಟ್ರೆ ಟಕ್ ಟಕ್ ಟಕ್, ತಿಮಿಂಗಿಲ ಆಳದ ಕತ್ತಲಲ್ಲಿ ಸ್ಕ್ವಿಡ್ ಹುಡುಕೋ ಸದ್ದು. ಸದ್ದು ನಿಂತ್ರೆ ಮೇಲೆ ಬರ್ತಿದೆ ಅಂತ. ಮುಕ್ಕಾಲು ಗಂಟೆ ಕೆಳಗಿದ್ದು ಬಂದು ಒಂದತ್ತು ನಿಮಿಷ ಉಸಿರಾಡಿ ಮತ್ತೆ ಬಾಲ ಎತ್ತತ್ತೆ, ಆಗ ಹಿಂದೆ ಕೆಂಗಂದು ಮೋಡದ ತರ ಹರಡಿದ್ರೆ ಓಡು, ಸ್ವಲ್ಪ ಹೊತ್ತಲ್ಲೇ ಕರಗಿ ಮಾಯ. ಬಲೆಗೆ ಸ್ಕ್ವಿಡ್ ಕೊಕ್ಕು ಸಮೇತ ಬಂತು. ವಾಸನೆ ಬಗ್ಗೆ ಬರೆಯಲ್ಲ, ಊಟದ ಹೊತ್ತಲ್ಲಿ ಓದೋರು ಇರ್ತೀರ.

ಕುವಿಯರ್ ಬೀಕ್ಡ್ ವೇಲ್ ಅನ್ನೋ ಇನ್ನೊಂದು ಜಾತಿ ತಿಮಿಂಗಿಲಗಳದ್ದು ಇನ್ನೂ ಪೇಚಾಟ ಅಂತೆ. ಒಂದು 222 ನಿಮಿಷ ನೀರೊಳಗಿದ್ದ ದಾಖಲೆ ಇದೆ, ಮೇಲೆ ಬಂದ್ರೂ ಸಾಮಾನ್ಯವಾಗಿ ಒಂದೆರಡೇ ನಿಮಿಷ. ಅವುಗಳಿಗೆ ಕ್ರಾಸ್‌ಬೋದಿಂದ ಡಾರ್ಟ್ ಹೊಡೆದು ಬ್ಲಬರ್, ಅಂದ್ರೆ ಚರ್ಮದಡಿಯ ಕೊಬ್ಬಿನ ಚೂರು ತೆಗೀತಾರೆ, ಕಾರ್ಟಿಸಾಲ್ ಕೊಬ್ಬಲ್ಲೂ ಸೇರಿರತ್ತಲ್ಲ. 2000ದಲ್ಲಿ ಬಹಾಮಾಸ್ ಹತ್ರ ಅಮೆರಿಕ ನೌಕಾಪಡೆ ನೀರೊಳಗೆ ಸದ್ದು ಹಾಯಿಸಿ ಹುಡುಕೋ ಸೋನಾರ್ ಬಿಟ್ಟಾಗ ಹೆಚ್ಚಾಗಿ ಇವೇ ದಡಕ್ಕೆ ಬಂದು ಬಿದ್ದಿದ್ದು, ಸದ್ದು ಇವಕ್ಕೆ ಎಷ್ಟು ಕಾಟ ಅಂತ ತಿಳೀಬೇಕಲ್ಲ, ಹಾಗಾಗಿ ಈ ಡಾರ್ಟಿನ ನೋವು ತಪ್ಪಲ್ಲ ಅಂತ್ಲೇ ನನಗನ್ಸತ್ತೆ.

ಇದೆಲ್ಲ ಅಳೆದು ಏನುಪಯೋಗ ಅಂತ ಕೇಳಿದ್ದಕ್ಕೆ 2001ರ ಕಥೆ ಹೇಳಿದ್ಲು. ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ಕೆನಡಾದ ಬೇ ಆಫ್ ಫಂಡಿಯಲ್ಲಿ ಹಡಗು ಕಮ್ಮಿಯಾಗಿ ಸಮುದ್ರದ ಗದ್ದಲ 6 ಡೆಸಿಬೆಲ್ ಇಳೀತು, ಅಲ್ಲಿನ ರೈಟ್ ವೇಲ್ ಜಾತಿ ತಿಮಿಂಗಿಲಗಳ ಲದ್ದಿಯಲ್ಲಿ ಸ್ಟ್ರೆಸ್ ಹಾರ್ಮೋನೂ ಇಳಿದಿತ್ತು. ವಿಜ್ಞಾನಿ ರೊಸಾಲಿಂಡ್ ರೋಲೆಂಡ್ ತಂಡ 2012ರಲ್ಲಿ ಪ್ರಕಟಿಸಿದ್ದು. ಹೋಲಿಸೋಕೆ ಬೇರೆ ವರ್ಷಗಳ ಸ್ಯಾಂಪಲ್ ಇದ್ದಿದ್ದಕ್ಕೆ ಗೊತ್ತಾಯ್ತು.

"ಹಾಗಾದ್ರೆ ಈ ಡಬ್ಬೀಲಿ ಜಾಸ್ತಿ ಬಂದ್ರೆ ನಮ್ ಬೋಟುಗಳದ್ದೇ ಕಾಟನಾ?" ಅಂದೆ. "ಹಸಿದಿದ್ರೂ ಏರತ್ತೆ, ಬಸುರಿಯಾಗಿದ್ರೂ ಏರತ್ತೆ, ಮೊದ್ಲು ಡಿಎನ್‌ಎಯಲ್ಲಿ ಗಂಡೋ ಹೆಣ್ಣೋ ನೋಡ್ಬೇಕು, ಸುಮ್ನೆ ಲೇಬಲ್ ಬರಿ" ಅಂತ ಐಸ್‌ಬಾಕ್ಸ್ ನನ್ ಕಡೆ ತಳ್ಳಿದ್ಲು.