ಅಂಬಾಸಿಡರ್ ಡಿಸ್ಟ್ರಿಬ್ಯೂಟರ್ ಬದಲಿಸಲು ಹೋಗಿ ಅರ್ಧ ದಿನ ಪೇಚಾಡಿದ್ದು

ಮೈಸೂರಿನ ನಮ್ಮ ಗ್ಯಾರೇಜಿಗೆ ಒಬ್ಬರು ರಿಟೈರ್ಡ್ ಮೇಷ್ಟ್ರ ಅಂಬಾಸಿಡರ್ ಬರುತ್ತಿತ್ತು. 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್. ಊರೊಳಗೆ ಓಡಿಸಿದರೆ ಏನೂ ತೊಂದರೆಯಿಲ್ಲ. ಚಾಮುಂಡಿ ಬೆಟ್ಟದ ಏರು ಸಿಕ್ಕಿತೋ, ಮಿಸ್ಸಿಂಗ್ (ನಡುನಡುವೆ ಸ್ಪಾರ್ಕ್ ತಪ್ಪಿ ಎಂಜಿನ್ ತಡವರಿಸುವುದು) ಶುರು.

"ಏನಪ್ಪಾ, ಬೆಟ್ಟ ಕಂಡ್ರೆ ಇದಕ್ಕೆ ಕೆಮ್ಮು ಬರುತ್ತಲ್ಲ?" ಅಂದರು ಮೇಷ್ಟ್ರು.

ಪ್ಲಗ್, ಪಾಯಿಂಟ್ (ಬಿಟ್ಟುಕೊಂಡಾಗ ಸ್ಪಾರ್ಕ್ ಬರಿಸುವ ಪುಟ್ಟ ಸ್ವಿಚ್), ಅದರ ಜೊತೆಗಿನ ಕಂಡೆನ್ಸರ್ ಎಲ್ಲ ಬೇರೆ ಕಡೆ ಆಗಲೇ ಬದಲಾಗಿದ್ದವು. ನಾನು, ಸ್ಪಾರ್ಕನ್ನು ಸರದಿಯಂತೆ ಒಂದೊಂದು ಸಿಲಿಂಡರಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿದೆ. ಸಡಿಲ ಹಲ್ಲಿನ ಹಾಗೆ ಆಡಿತು. ಒಳಗಿನ ಬುಶ್ ಸವೆದಿತ್ತು. ಹೀಗಾದಾಗ ಹೊಸ ಪಾಯಿಂಟ್ ಹಾಕಿ ಏನೂ ಪ್ರಯೋಜನವಿಲ್ಲ. ಈ ಎಂಜಿನ್ನಿನಲ್ಲಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ ಇರಬೇಕು. ಶಾಫ್ಟೇ ಓಲಾಡಿದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಗ್ಯಾಪ್ ಆಗುತ್ತದೆ, ಸ್ಪಾರ್ಕ್ ಬರುವ ಹೊತ್ತೂ ಹೆಚ್ಚು ಕಡಿಮೆಯಾಗುತ್ತದೆ. ಎಂಜಿನ್ ಮೇಲಿನ ಭಾರಕ್ಕೆ ತಕ್ಕಂತೆ ಸ್ಪಾರ್ಕಿನ ಹೊತ್ತು ಬದಲಿಸುವ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನೋಡಿದೆ. ಒಳಗಿನ ಪ್ಲೇಟ್ ಅಲುಗಲೇ ಇಲ್ಲ. ಡಯಾಫ್ರಾಮ್ ಕೂಡ ಹರಿದಿತ್ತು. ಪೂರ್ತಿ ಬದಲಿಸುವುದೇ ಸರಿ ಅಂದೆ.

ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿ ಅಂತಲೂ ಹೇಳಿದೆ. ಮೇಷ್ಟ್ರು ಒಪ್ಪಲಿಲ್ಲ. "ಪಾಯಿಂಟ್ ಆದ್ರೆ ದಾರೀಲಿ ಕೆಟ್ರೂ ಎಮರಿ ಪೇಪರ್‌ನಲ್ಲಿ ಉಜ್ಜಿ ಮನೆ ಸೇರ್ಕೋಬಹುದು" ಅಂದರು. ಅದೂ ನಿಜ ಅನ್ನಿ.

ಆಗ ನನಗೆ ಏಳೆಂಟು ವರ್ಷದ ಅನುಭವ. ಈ ಕೆಲಸ ಕಣ್ಣು ಮುಚ್ಚಿ ಮಾಡುತ್ತೇನೆ ಅನ್ನುವ ಧೈರ್ಯ. ಆ ಧೈರ್ಯಕ್ಕೆ ಕಾರಣವೂ ಇತ್ತು. ಈ ಡಿಸ್ಟ್ರಿಬ್ಯೂಟರ್ ಕೆಳಗೆ ಕಚ್ಚಿಕೊಳ್ಳುವ ನಾಲಗೆ ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಅದನ್ನು ತಿರುಗಿಸುವ, ಎಂಜಿನ್ ಒಳಗಿನ ಡ್ರೈವ್ ಶಾಫ್ಟಿನಲ್ಲಿ ನಾಲಗೆ ಕೂರುವ ಸೀಳೂ ಹಾಗೇ. ಹಾಗಾಗಿ ಅದು ಒಂದೇ ರೀತಿ ಕೂರುತ್ತದೆ, ತಿರುಗಾ ಮುರುಗಾ ಕೂರಿಸಲು ಆಗುವುದೇ ಇಲ್ಲ. ಆದ್ದರಿಂದ ನಾನು ಗುರುತು ಹಾಕುವ ಗೋಜಿಗೆ ಹೋಗಲಿಲ್ಲ. ಹಳೇ ವೈರುಗಳು ಬಿರುಕು ಬಿಟ್ಟಿದ್ದವು, ಎಲ್ಲವನ್ನೂ ಕಿತ್ತು ಬಿಸಾಕಿದೆ. ಹೊಸದು ಕೂರಿಸಿದೆ. ಮ್ಯಾನುಯಲ್ ಚಿತ್ರದಲ್ಲಿ ಒಂದನೇ ನಂಬರ್ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ, ಗಡಿಯಾರಕ್ಕೆ ಎದುರಾಗಿ, ಸಿಲಿಂಡರುಗಳು ಉರಿಯುವ ಸರದಿಯಂತೆ 1-3-4-2 ವೈರ್ ಜೋಡಿಸಿದೆ. ಸೆಲ್ಫ್ ಹೊಡೆದೆ.

ಫಟ್! ಕಾರ್ಬ್ಯುರೇಟರಿನಿಂದ ಬೆಂಕಿಯ ನಾಲಗೆ ಬಂತು. ಇನ್ನೊಮ್ಮೆ ಹೊಡೆದೆ. ಇನ್ನೊಂದು ಫಟ್.

ಟೈಮಿಂಗ್ ಸ್ವಲ್ಪ ಔಟಾಗಿರಬೇಕು ಅಂತ ಬಾಡಿಯನ್ನು ಅತ್ತ ಇತ್ತ ತಿರುಗಿಸಿದೆ. ಆಗಲಿಲ್ಲ. ಹೊಸ ಪಾರ್ಟೇ ಸರಿಯಿಲ್ಲವೇನೋ ಅಂತ ಕಳಚಿ ಹಳೇದರ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ. ಕಂಡೆನ್ಸರ್ ಬದಲಿಸಿದೆ. ಕಾಯಿಲ್ ಬದಲಿಸಿದೆ. ಮಧ್ಯಾಹ್ನವಾಯಿತು. ಉಸ್ತಾದ್ ಟೀ ಕುಡಿಯುತ್ತಾ ಅಷ್ಟು ಹೊತ್ತೂ ನೋಡುತ್ತಲೇ ಇದ್ದರು.

"ಬಿಚ್ಚೋಕೆ ಮುಂಚೆ ಗಾಡಿ ಓಡ್ತಿತ್ತು ಅಲ್ವಾ? ಆಗ ಒಂದನೇ ವೈರ್ ಎಲ್ಲಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಟ್ಯಾಪೆಟ್ ಕವರ್ ತೆಗೆಸಿ ಹ್ಯಾಂಡಲ್ ತಿರುಗಿಸಲು ಹೇಳಿದರು. ಕ್ರ್ಯಾಂಕ್ ಪುಲ್ಲಿಯ ಗುರುತು ಒಂದೊಂದು ಸುತ್ತಿಗೂ ಮೇಲೆ ಬರುತ್ತದೆ. ಆದರೆ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಇರುವುದು ಎರಡು ಸುತ್ತಿಗೆ ಒಂದು ಸಲ. ನಾಲ್ಕನೇ ಸಿಲಿಂಡರಿನ ಎರಡು ವಾಲ್ವ್‌ಗಳು ತಕ್ಕಡಿಯ ಹಾಗೆ ಒಂದು ಏರಿ ಒಂದು ಇಳಿಯುವ ಹೊತ್ತಿದೆಯಲ್ಲ, ಅದೇ ಒಂದನೇ ಸಿಲಿಂಡರಿನ ಜಾಗ. ಅಲ್ಲಿ ನಿಲ್ಲಿಸಿ ಕ್ಯಾಪ್ ತೆಗೆದರೆ ರೋಟರ್ (ಒಳಗೆ ತಿರುಗುತ್ತಾ ವೈರುಗಳಿಗೆ ಸ್ಪಾರ್ಕ್ ಕೊಡುವ ತುಂಡು) ನಾನು ನಾಲ್ಕನೇ ವೈರ್ ಚುಚ್ಚಿದ ಕಡೆ ಮುಖ ಮಾಡಿ ಕೂತಿತ್ತು! ಪೂರಾ 180 ಡಿಗ್ರಿ ಆಚೆ.

ಹಿಂದೆ ಯಾರೋ ಡ್ರೈವ್ ಶಾಫ್ಟನ್ನೇ ಹೊರಗೆ ತೆಗೆದು, ವಾಪಸ್ ಹಾಕುವಾಗ ತಿರುಗಾ ಮುರುಗಾ ಹಾಕಿದ್ದರು. ಆಮೇಲೆ ವೈರುಗಳನ್ನೇ ಅದಕ್ಕೆ ತಕ್ಕಂತೆ ಜರುಗಿಸಿ ಗಾಡಿ ಕೊಟ್ಟಿದ್ದರು. ನಾಲಗೆ ಒಂದೇ ರೀತಿ ಕೂರುತ್ತದೆ, ಸರಿ. ಆದರೆ ಸೀಳೇ ತಪ್ಪು ದಿಕ್ಕಿಗಿದ್ದರೆ ನಾಲಗೆ ಏನು ಮಾಡೀತು?

ನಾನೂ ವೈರ್ ಜರುಗಿಸಿ ಮುಗಿಸೋಣ ಅಂದೆ. ಸುಮ್ನೆ ಎರಡು ನಿಮಿಷದ ಕೆಲಸ, ಎಂಜಿನ್ನಿಗೆ ಅದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಉಸ್ತಾದ್ ನಕ್ಕರು. "ಹಂಗೆ ಮಾಡಿದೋನೇ ಕಣೋ ಇವತ್ತು ನಿನ್ನ ಸಾಯಿಸಿದ್ದು."

ಸರಿ, ಡಿಸ್ಟ್ರಿಬ್ಯೂಟರನ್ನೂ ಅದರ ಹೌಸಿಂಗನ್ನೂ ಮತ್ತೆ ಬಿಚ್ಚಿದೆ. ಡ್ರೈವ್ ಶಾಫ್ಟಿನ ತಲೆಯಲ್ಲಿ ಥ್ರೆಡ್ ಇರುತ್ತದೆ. ಅದಕ್ಕೆ 5/16 ಇಂಚಿನ ಯುಎನ್‌ಎಫ್ (ಸಣ್ಣ ಥ್ರೆಡ್ಡಿನ) ಬೋಲ್ಟ್ ಹಾಕಿ, ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಶಾಫ್ಟ್ ಬರುತ್ತದೆ. ತೆಗೆಯುವುದು ಸುಲಭ, ಹಾಕುವುದಕ್ಕೆ ತಾಳ್ಮೆ ಬೇಕು. ಗೇರಿನ ಹಲ್ಲುಗಳು ಓರೆ. ಕಚ್ಚಿಕೊಳ್ಳುತ್ತಾ ಶಾಫ್ಟ್ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಎಷ್ಟು ತಿರುಗುತ್ತದೋ ಅಷ್ಟನ್ನು ಮೊದಲೇ ಬಿಟ್ಟು ಹಿಡಿಯಬೇಕು. ನನಗೆ ಮೂರನೇ ಸಲಕ್ಕೆ ಸರಿಯಾಗಿ ಕೂತಿತು.

ಉಳಿದದ್ದು ಗೊತ್ತಿರುವ ಕೆಲಸ. ಪುಲ್ಲಿ ಗುರುತನ್ನು ಟೈಮಿಂಗ್ ಜಾಗಕ್ಕೆ ತಂದು, 12 ವೋಲ್ಟ್ ಬಲ್ಬಿನ ಒಂದು ವೈರನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು, ಇಗ್ನಿಷನ್ ಆನ್ ಮಾಡಿದೆ. ಡಿಸ್ಟ್ರಿಬ್ಯೂಟರನ್ನು ನಿಧಾನ ತಿರುಗಿಸುತ್ತಾ ಹೋದೆ. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಬಲ್ಬ್ ಹತ್ತಿತು. ಅಲ್ಲೇ ಬಿಗಿ ಮಾಡಿದೆ. ಅರ್ಧ ಸೆಲ್ಫಿಗೆ ಎಂಜಿನ್ ಹಿಡಿಯಿತು.

ಸಂಜೆ ಮೇಷ್ಟ್ರನ್ನು ಕೂರಿಸಿಕೊಂಡು ಬೆಟ್ಟ ಹತ್ತಿಸಿದೆ. ಕೆಮ್ಮಲಿಲ್ಲ. ಅರ್ಧ ದಿನದ ಕೂಲಿಯನ್ನು ಮಾತ್ರ ಉಸ್ತಾದ್ ಬಿಲ್ಲಿಗೆ ಹಾಕಲು ಬಿಡಲಿಲ್ಲ.

ಈಗ ಕ್ಯಾಪ್ ಮುಟ್ಟುವ ಮೊದಲು ಹುಡುಗರ ಕೈಲಿ ಮೊಬೈಲಿನಲ್ಲಿ ಎರಡು ಫೋಟೋ ತೆಗೆಸುತ್ತೇನೆ. ಒಂದು ವೈರ್ ಇರುವ ಹಾಗೆ, ಇನ್ನೊಂದು ಕ್ಯಾಪ್ ತೆಗೆದು ರೋಟರ್ ಕಾಣುವ ಹಾಗೆ. ಆ 5/16 ಬೋಲ್ಟ್ ಇನ್ನೂ ನನ್ನ ಟೂಲ್ ಬಾಕ್ಸಿನಲ್ಲೇ ಇದೆ. ತಲೆಗೆ ಕೆಂಪು ಬಣ್ಣ ಬಳಿದಿದ್ದೇನೆ. ಇಲ್ಲದಿದ್ದರೆ ಹುಡುಗರು ಯಾವುದಾದರೂ ಬಂಪರಿಗೆ ಹಾಕಿ ಕಳಿಸಿಬಿಡುತ್ತಾರೆ.