ಮ್ಯಾಕ್ರೋ ಲಾಗ್: ಈ ಮಳೆಗಾಲ ಹುಳ ಬೇಡ, ಹೂವೂ ಬೇಡ

ಕೆಂಪಿರುವೆ, ಜೇಡ, ದಾಸವಾಳದ ಕೇಸರ. ಮ್ಯಾಕ್ರೋ, ಅಂದರೆ ಪುಟ್ಟ ವಸ್ತುಗಳ ತೀರಾ ಹತ್ತಿರದ ಫೋಟೋ, ಅಂತ ಇಷ್ಟನ್ನೇ ಎಷ್ಟು ಸಲ ತೆಗೆಯುವುದು? ಈ ಮಳೆಗಾಲ ಹುಳಗಳನ್ನೂ ಹೂಗಳನ್ನೂ ಬದಿಗಿಟ್ಟು, ಮನೆಯ ಸುತ್ತಮುತ್ತ ಬೇರೆ ಏನು ಸಿಗುತ್ತದೆ ನೋಡೋಣ ಅಂತ ಶುರು ಮಾಡಿದೆ. ಉಡುಪಿಯ ಮಳೆಯಲ್ಲಿ ಕ್ಯಾಮೆರಾ ಹಿಡಿದು ತೋಟಕ್ಕೆ ಇಳಿಯುವುದೂ ಕಷ್ಟವೇ ಬಿಡಿ.

ಸಾಮಾನು ಹಳೆಯದೇ. 50 ಮಿ.ಮೀ. ಲೆನ್ಸ್, ಜೊತೆಗೆ 12, 20, 36 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಟೊಳ್ಳು ಕೊಳವೆ). ಮೂರೂ ಸೇರಿದರೆ 68, ಅದನ್ನು 50ರಿಂದ ಭಾಗಿಸಿದರೆ 1.36, ಅಂದರೆ ಕ್ಯಾಮೆರಾದ ಸೆನ್ಸರ್ ಮೇಲೆ ವಸ್ತುವಿನ ಬಿಂಬ ಅದರ ನಿಜ ಅಳತೆಯ ಸುಮಾರು 1.36 ಪಟ್ಟು. ಇಷ್ಟು ಹತ್ತಿರ ಹೋದಾಗ ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೂ ಅದು ಎಫ್/19ರ ಹಾಗೆ ಕೆಲಸ ಮಾಡುತ್ತದೆ. ಎಲ್ಲವೂ ಫೋಕಸ್‌ನಲ್ಲಿ ಬರಲಿ ಅಂತ ಎಫ್/16ಕ್ಕೆ ಹೋದರೆ ಚಿತ್ರದ ಸೂಕ್ಷ್ಮ ವಿವರವೇ ಮಸುಕಾಗುತ್ತದೆ. ಎಫ್/5.6 ಇಟ್ಟು, ಫೋಕಸ್ ಚೂರು ಚೂರೇ ಸರಿಸುತ್ತಾ ಹಲವು ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸುವುದೇ ವಾಸಿ.

ಜೂನ್‌ನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕಂಪೌಂಡ್ ಗೋಡೆ. ಅದರ ಮೇಲಿನ ಪಾಚಿಯಿಂದ ಕೂದಲಿನಷ್ಟು ತೆಳ್ಳಗಿನ ಕಡ್ಡಿಗಳು ಏಳುತ್ತವೆ, ತುದಿಯಲ್ಲಿ ಬೀಜಕ ತುಂಬಿದ ಪುಟ್ಟ ಡಬ್ಬಿ. ಮುಚ್ಚಳ ಉದುರಿದ ಡಬ್ಬಿಯನ್ನೇ ಹುಡುಕಿ. ಬಾಯಿಯ ಸುತ್ತ ಸಾಲಾಗಿ ಹಲ್ಲುಗಳಿರುತ್ತವೆ. ಹಲವು ಜಾತಿಗಳಲ್ಲಿ ಅವು ಒದ್ದೆಯಾದಾಗ ಮುಚ್ಚಿಕೊಂಡು, ಒಣಗಿದಾಗ ಬಿಚ್ಚಿಕೊಳ್ಳುತ್ತವೆ. ಹೊರಗೆ ಮಳೆ ಇರುವಾಗ ಕಾದು ಕೂತರೆ ಏನೂ ಆಗುವುದಿಲ್ಲ. ಒಂದು ಚೂರು ಕಿತ್ತು ತಂದು ಟೇಬಲ್ ಲ್ಯಾಂಪ್ ಕೆಳಗಿಟ್ಟೆ. ಲ್ಯಾಂಪಿನ ಬೆಳಕು ಪಕ್ಕದಿಂದ ಬಿದ್ದರೆ ಮಾತ್ರ ಹಲ್ಲು ಬಿಡಿಬಿಡಿಯಾಗಿ ಕಾಣುತ್ತದೆ.

ಜುಲೈ ಪೂರ್ತಿ ಲ್ಯಾಪ್‌ಟಾಪ್ ಮುಂದೆ. ಅದರ ಎಲ್‌ಸಿಡಿ ಪರದೆಯ ಬೆಳಕು ಪೋಲರೈಸ್ ಆಗಿಯೇ, ಅಂದರೆ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಹಾಗೆಯೇ ಬರುತ್ತದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಲೆನ್ಸ್‌ಗೆ ಪೋಲರೈಸರ್ (ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ, ಹಿನ್ನೆಲೆ ಕಪ್ಪಾಗುವ ತನಕ ತಿರುಗಿಸಿ. ಈಗ ನಡುವೆ ಸಕ್ಕರೆ ಹರಳು ಇಟ್ಟರೆ ಬಣ್ಣವೋ ಬಣ್ಣ. ಪಕ್ಕದಲ್ಲೇ ಪುಡಿ ಉಪ್ಪು ಉದುರಿಸಿದರೆ ಅದು ಕಪ್ಪಾಗಿಯೇ ಉಳಿಯುತ್ತದೆ! ಉಪ್ಪಿನ ಹರಳು ಘನಾಕಾರದ್ದು, ಬೆಳಕು ಯಾವ ದಿಕ್ಕಿನಲ್ಲಿ ಹೋದರೂ ಅದಕ್ಕೆ ಒಂದೇ. ಹರಳನ್ನು ಗಾಜಿನ ಮೇಲಿಟ್ಟು ಪರದೆಯಿಂದ ಸ್ವಲ್ಪ ಎತ್ತರದಲ್ಲಿ ಹಿಡಿಯಬೇಕು, ಇಲ್ಲವಾದರೆ ಪಿಕ್ಸೆಲ್‌ಗಳೂ ಫೋಟೋದಲ್ಲಿ ಬರುತ್ತವೆ.

ನಿಜವಾದ ಮಜಾ ಬಂದದ್ದು ಆಗಸ್ಟ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಇರುತ್ತದಲ್ವಾ, ಅದು ಮುಗಿದು ಮಲ್ಪೆ ಬಂದರಿನಿಂದ ಬೋಟುಗಳು ಹೊರಟ ಮೇಲೆ ಮನೆಗೆ ಬೂತಾಯಿ ಮೀನು ಬಂತು. ಅದರ ಹುರುಪೆ ಮುಟ್ಟಿದರೆ ಸಾಕು, ಕೈಗೇ ಬರುತ್ತದೆ. ತೊಳೆದು, ಎರಡು ಗಾಜಿನ ಸ್ಲೈಡ್ ನಡುವೆ ಒತ್ತಿಟ್ಟೆ, ಒಣಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಹಿಂದಿನಿಂದ ಬೆಳಕು ಕೊಟ್ಟರೆ ಮೀನು ಬೆಳೆದ ಹಾಗೆ ಮೂಡಿದ ಗೆರೆಗಳು ಒಂದರ ಪಕ್ಕ ಒಂದು, ಅಂಚು ಮಾತ್ರ ನುಣುಪು. ಆಮೇಲೆ ಕಾಣೆ ಮೀನಿನದ್ದನ್ನೂ ಇಟ್ಟು ನೋಡಿದೆ. ಅದರ ಒಂದು ಅಂಚಿನಲ್ಲಿ ಬಾಚಣಿಗೆಯ ಹಾಗೆ ಸಣ್ಣ ಸಣ್ಣ ಹಲ್ಲು! ಇಷ್ಟು ವರ್ಷ ರವೆ ಫ್ರೈ ಮಾಡಿ ತಿಂದ ಮೀನು, ಇದನ್ನು ನೋಡೇ ಇರಲಿಲ್ಲ. ಅಮ್ಮನದ್ದು ಬೇರೆ ತಕರಾರು: "ತೊಳೆಯುವ ಮೊದಲೂ ಫೋಟೋ, ತೊಳೆದ ಮೇಲೂ ಫೋಟೋ. ಗಸಿ ಮಾಡುವುದು ಯಾವಾಗ ಮಾರಾಯ?"

ಬಂಗುಡೆಯ ಹುರುಪೆ ತೀರಾ ಸಣ್ಣದು, ನನ್ನ ಟ್ಯೂಬ್‌ಗೆ ಆಗುವುದಿಲ್ಲ. ಮಲ್ಪೆಯ ಮರಳಿನ ಫೋಟೋ ಸುಮಾರಾಗಿ ಬಂತು. ಕಪ್ಪು ಕಣಗಳಲ್ಲಿ ಕೆಲವು ಅಯಸ್ಕಾಂತಕ್ಕೆ ಅಂಟುತ್ತವೆ, ಅಷ್ಟೇ ಮಜಾ.

ನನಗೆ ಅನ್ನಿಸುವುದು, ಹೊಸ ವಸ್ತು ಹುಡುಕುತ್ತಾ ಅಲೆಯುವುದಕ್ಕಿಂತ ಇರುವ ವಸ್ತುವಿಗೆ ಬೆಳಕು ಎಲ್ಲಿಂದ ಬರಬೇಕು ಅಂತ ಯೋಚಿಸಿದರೆ ಜಾಸ್ತಿ ಸಿಗುತ್ತದೆ.

ಮುಂದೆ ಡ್ರೋಸೆರಾ. ಹುಳ ಹಿಡಿಯುವ ಗಿಡ, ಮುರಕಲ್ಲಿನ ಬಯಲುಗಳಲ್ಲಿ ಮಳೆ ಕಡಿಮೆಯಾಗುವ ಹೊತ್ತಿಗೆ ಕಾಣುತ್ತದೆ. ಮಣಿಪಾಲದ ಕಡೆ ಹುಡುಕಬೇಕು. ಅದರ ಒಂದೊಂದು ಅಂಟು ಹನಿಯಲ್ಲೂ ಫ್ಲಾಶ್ ಬಿಳಿ ಚುಕ್ಕೆಯಾಗಿ ಪ್ರತಿಫಲಿಸುತ್ತದೆ, ಅದಕ್ಕೆ ಬೆಳಕನ್ನು ಹರಡಿ ಮೃದು ಮಾಡುವ ದೊಡ್ಡ ಡಿಫ್ಯೂಸರ್ ಬೇಕು. ಸದ್ಯ ಹಳೆಯ ಥರ್ಮೋಕೋಲ್ ಡಬ್ಬಿ ಮತ್ತು ಟ್ರೇಸಿಂಗ್ ಪೇಪರ್ ಹಿಡಿದು ಅದನ್ನೇ ಮಾಡುತ್ತಿದ್ದೇನೆ.