ನೀರಿನಡಿಯ ಕೈಗಳು

ಇವತ್ತು ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಕಾಲು ನೋಯುವಷ್ಟು ನಡೆದೆ. ಹೈ ಸ್ಟ್ರೀಟ್, ಬಟರ್‌ಕ್ರಾಸ್ ಎಂಬ ಹಳೆಯ ಕಲ್ಲಿನ ಸ್ಮಾರಕ, ಇಚೆನ್ ನದಿಯ ದಂಡೆ, ಎಲ್ಲವೂ ಚೆಂದ.

ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಕ್ಯಾಥೆಡ್ರಲ್ ಎಂಬ ದೊಡ್ಡ ಚರ್ಚಿನ ಒಳಗೆ, ಒಂದು ಪುಟ್ಟ ಪ್ರತಿಮೆಯ ಮುಂದೆ. ರಾಜನೂ ಅಲ್ಲ, ಸಂತನೂ ಅಲ್ಲ. ಡೈವಿಂಗ್ ಸೂಟ್ ಹಾಕಿದ ಮನುಷ್ಯ. ವಿಲಿಯಂ ವಾಕರ್.

1079ರಲ್ಲಿ ಕಟ್ಟಲು ಶುರು ಮಾಡಿದ ಕಟ್ಟಡ ಇದು. ಕೆಳಗೆ ಜೌಗು ನೆಲ. ಕಳೆದ ಶತಮಾನದ ಆರಂಭದಲ್ಲಿ ಗೋಡೆಗಳು ಬಿರುಕು ಬಿಟ್ಟು ಕುಸಿಯತೊಡಗಿದವು. ಬುಡ ಅಗೆದರೆ ಗುಂಡಿ ತುಂಬಾ ನೀರು. ಆಗ ಇಳಿದವನು ಈತ. 1906ರಿಂದ 1911ರವರೆಗೆ. ನೀರು ಎಷ್ಟು ಕದಡಿತ್ತೆಂದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬರೀ ಕೈಯಲ್ಲಿ ತಡವಿ ತಡವಿ ಕಾಂಕ್ರೀಟ್ ಚೀಲಗಳನ್ನು ಜೋಡಿಸಿದ. ಸುಮಾರು 25,000 ಚೀಲ!

ತಲೆ ಎತ್ತಿ ಆ ಉದ್ದನೆಯ ಚಾವಣಿ ನೋಡಿದೆ. ಬಂದವರೆಲ್ಲ ಮೇಲೇ ನೋಡುತ್ತೇವೆ, ಅಲ್ವಾ? ಅದನ್ನು ಹೊತ್ತಿರುವುದು ಕತ್ತಲಲ್ಲಿ ಒಬ್ಬನ ಬೆರಳು ಗುರುತು ಹಿಡಿದ ಜಾಗ.

ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಸಮಾಧಿಯೂ ಅಲ್ಲೇ ಇದೆ. ಅದನ್ನೂ ನೋಡಿದೆ.

ಆಮೇಲೆ ಮತ್ತೆ ಇವನ ಹತ್ತಿರ ಬಂದು ಸುಮ್ನೆ ನಿಂತೆ. ಹೊರಡುವಾಗ ಆ ಕಲ್ಲು ನೆಲದ ಮೇಲೆ ಹೆಜ್ಜೆ ತುಂಬಾ ಮೆಲ್ಲಗೆ ಇಡುತ್ತಿದ್ದೆ.